ಮೊಣಕೈಯಿಂದ ಕೇಳಿದ ಶ್ರುತಿ

ಟಿಸಾ ನದಿಯ ದಂಡೆಯ ನಮ್ಮೂರ ಶಿಶುವಿಹಾರದಲ್ಲಿ ನಲವತ್ತು ವರ್ಷ ಪುಟಾಣಿಗಳಿಗೆ ಹಾಡು ಕಲಿಸಿ, ಈ ಜೂನ್‌ನಲ್ಲಿ ನಿವೃತ್ತರಾಗುತ್ತಿರುವ ಶ್ರೀಮತಿ ಎತೆಲ್ಕಾ ಬರ್ನಾತ್ ಅವರ ಬಗ್ಗೆ ಬರೆಯಲು ಕೂತರೆ ನನ್ನ ಕೈ ಕುಣಿಯುತ್ತದೆ. ಹಂಗೇರಿಯಲ್ಲಿ ಸಂಗೀತ ಬಲ್ಲ ಹಿರಿಯರಿಗೆ ಕೊರತೆಯಿಲ್ಲ. ಆದರೆ ಸಂಗೀತ ಕಿವಿಗಿಂತ ಮೊದಲು ಮಂಡಿಗೆ, ಬೆನ್ನಿಗೆ, ಎಲುಬಿಗೆ ಬರುತ್ತದೆಂದು ತಮ್ಮ ಮೈಯನ್ನೇ ಸವೆಸಿ ತೋರಿಸಿಕೊಟ್ಟವರಲ್ಲಿ ಅವರಿಗೇ ಮೊದಲ ಮಣೆ.

ಹದಿನೆಂಟು ವರ್ಷಗಳ ಹಿಂದೆ ಸಂಗೀತ ಕಾಲೇಜಿನ ಪದಕ ಹೊತ್ತು ನಾನು ಅವರ ಸಹಾಯಕಿಯಾಗಿ ಸೇರಿದೆ. ಮೊದಲ ದಿನವೇ ನೆಟ್ಟಗೆ ನಿಂತು ತುಂಬು ಕಂಠದಲ್ಲಿ ಹಾಡಿದೆ. ಮಕ್ಕಳು ಕಿವಿ ಮುಚ್ಚಿಕೊಂಡರು. ಎತೆಲ್ಕಾ ಅವರು ನನ್ನ ಲಂಗದ ಅಂಚು ಹಿಡಿದೆಳೆದು, "ನಿಂತ್ಕೊಂಡು ಹಾಡಿದ್ರೆ ಅವರ ತಲೆ ಮೇಲೇ ಹೋಗ್ಬಿಡುತ್ತೆ ಕಣೆ. ಕೂತ್ಕೋ," ಎಂದರು. ಕೂತೆ. ಮೊಲದಂತೆ ಕುಪ್ಪಳಿಸಿದೆ, ಕಪ್ಪೆಯಂತೆ ಕುಕ್ಕರಿಸಿದೆ, ಒಂದೇ ಹಾಡನ್ನು ಇಪ್ಪತ್ತು ಸಲ ಹಾಡಿದೆ. ವಾರದೊಳಗೆ ಮಂಡಿ ನೀಲಿಗಟ್ಟಿತು, ಗಂಟಲು ಒಣಗಿತು, ಕೂದಲಲ್ಲಿ ಮಕ್ಕಳ ರವೆ ಪಾಯಸ ಅಂಟಿತು. ಸಂಜೆ ನಾಲ್ಕಕ್ಕೆ ನಾನು ಹಿಂಡಿದ ಬಟ್ಟೆಯಂತಾಗಿದ್ದರೆ, ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ಅವರು ಇನ್ನೂ ಕುಪ್ಪಳಿಸುತ್ತಿದ್ದರು.

ನಮ್ಮಲ್ಲಿ ಪಿಯಾನೊ ಇಡುವ ಪದ್ಧತಿಯಿಲ್ಲ. ಶ್ರುತಿ ಹಿಡಿಯಲು ಅವರ ಬಳಿ ಇದ್ದದ್ದು ಎರಡು ಕವಲಿನ ಒಂದು ಉಕ್ಕಿನ ಕಡ್ಡಿ, ಅಂದರೆ ಶ್ರುತಿಕವೆ. ಅದನ್ನು ಬಲ ಮಂಡಿಗೆ ಬಡಿದು, ಅದರ ಹಿಡಿಯನ್ನು ಮಗುವಿನ ಮೊಣಕೈಗೆ ಒತ್ತುತ್ತಿದ್ದರು. ಎಲುಬಿನೊಳಗೆ ಸ್ವರ ಗುಂಯ್‌ಗುಡುತ್ತಿದ್ದಂತೆ ಮಗು ಕಣ್ಣರಳಿಸಿ ಅದೇ ಸ್ವರ ಹಾಡುತ್ತಿತ್ತು. ನಾನು ಮಾತ್ರ ಇದು ದನದ ವೈದ್ಯರ ಚೀಲದಲ್ಲಿರಬೇಕಾದ ಸಾಮಾನೆಂದು ಗೇಲಿ ಮಾಡುತ್ತಿದ್ದೆ.

ಮೂರನೆಯ ಚಳಿಗಾಲದಲ್ಲಿ ಅವರ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಒಂದು ವರ್ಷ ಹಾಡಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಹಾಡದ ಶಿಕ್ಷಕಿಯನ್ನು ಕಚೇರಿಗೆ ಕಳಿಸಿ ತರಗತಿಯನ್ನು ನನಗೆ ಒಪ್ಪಿಸಬೇಕೆಂಬುದು ಮುಖ್ಯಸ್ಥೆ ಗಿಜೆಲ್ಲಾ ಅವರ ವಿಚಾರ. ಫೆಬ್ರವರಿಯ ವೇಷದ ಹಬ್ಬದಂದು ಪಾಲಕರೆದುರು ಮಕ್ಕಳು ಹೇಗೆ ಹಾಡುತ್ತಾರೆಂದು ನೋಡಿ ತೀರ್ಮಾನಿಸುವುದಾಗಿ ಹೇಳಿದರು. ಆರಂಭದ ಸ್ವರ ಕೊಡುವ ಕೆಲಸ ನನ್ನದಾಯಿತು. ಆ ತರಗತಿ ನನಗೆ ಬೇಕಾಗಿತ್ತು. ಇದನ್ನು ಇಂದು ಮುಚ್ಚಿಡುವುದಿಲ್ಲ.

ಹಬ್ಬದ ಬೆಳಿಗ್ಗೆ ಪಾಲಕರ ಕಣ್ಣೆಲ್ಲ ಮಕ್ಕಳೆದುರು ಮಂಡಿಯೂರಿದ್ದ ನನ್ನ ಮೇಲಿತ್ತು. ಅಳುಕಿನಲ್ಲಿ ಸ್ವರವನ್ನು ತೀರ ಕೆಳಗೆ ಹಿಡಿದೆ. ನರಿ, ಕರಡಿ, ಚಿಟ್ಟೆಯ ವೇಷದ ಇಪ್ಪತ್ತೆರಡು ಮಕ್ಕಳೂ ಬಾಯಿ ಬಿಡಲಿಲ್ಲ. ಕರಡಿಯಾಗಿದ್ದ ಬೋರ್ಕಾ, "ಇದು ನಮ್ಮ ಹಾಡಲ್ಲ," ಎಂದು ನಿಶ್ಚಿಂತೆಯಿಂದ ಹೇಳಿಬಿಟ್ಟಳು. ನನ್ನ ಮುಖ ಕೆಂಪಾಯಿತು.

ಎತೆಲ್ಕಾ ಅವರು ಆ ಕಡ್ಡಿಯನ್ನು ಬೋರ್ಕಾಳ ಮೊಣಕೈಗೆ ಇಟ್ಟಿದ್ದರೆ ಸಾಕಿತ್ತು. ಮಕ್ಕಳು ಹಾಡುತ್ತಿದ್ದರು, ನಾನು ಮೂಲೆ ಸೇರುತ್ತಿದ್ದೆ. ಅವರು ಹಾಗೆ ಮಾಡಲಿಲ್ಲ. ಮಂಡಿಯ ಮೇಲೆ ತೆವಳುತ್ತಲೇ ನನ್ನ ಬಳಿ ಬಂದು, ನನ್ನ ತೋಳು ಮಡಚಿ, ಕಡ್ಡಿಯನ್ನು ತಮ್ಮ ಮಂಡಿಗೆ ಬಡಿದು ನನ್ನ ಮೊಣಕೈಗೆ ಒತ್ತಿದರು. ಸ್ವರ ಎಲುಬು ಹತ್ತಿ, ಭುಜ ದಾಟಿ, ಹಲ್ಲಿನವರೆಗೆ ಬಂತು! ಬಾಯಿ ತೆರೆದೆ. ಇಪ್ಪತ್ತೆರಡು ಕಂಠಗಳು ಒಮ್ಮೆಲೇ ಬಂದು ಸೇರಿಕೊಂಡವು. ನೆಲದ ಹಲಗೆ ನನ್ನ ಮಂಡಿಯಡಿ ಅದುರಿತು. ಅಂಥ ಖುಷಿಯನ್ನು ನಾನು ಮತ್ತೆ ಕಂಡಿಲ್ಲ.

ಹಾಡು ಮುಗಿದ ಮೇಲೆ ಗಿಜೆಲ್ಲಾ ಅವರು, "ಕಚೇರಿಗೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ. ಇವಳಿಗಿನ್ನೂ ಪಾಠ ಬೇಕು," ಎಂದರು. ಆ ಪಾಠ ಇಂದಿಗೂ ಮುಗಿದಿಲ್ಲ.

ಮೊನ್ನೆ ಎತೆಲ್ಕಾ ಅವರು ಆ ಕಡ್ಡಿಯನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗಿಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ. ಪೂಜ್ಯ ಎತೆಲ್ಕಾ ಅವರೇ, ತಮಗೆ ದೀರ್ಘಾಯುಷ್ಯವಿರಲಿ, ಆ ಬಲ ಮಂಡಿ ಗಟ್ಟಿಯಾಗಿರಲಿ. ಸೆಪ್ಟೆಂಬರಿನ ಮೊದಲ ಬುಧವಾರ, ಹೊಸ ವರ್ಷದ ಮೊದಲ ಹಾಡಿನ ತರಗತಿಗೆ, ಅದನ್ನು ತಾವೇ ತನ್ನಿ. ಮಕ್ಕಳೆಲ್ಲ ತೋಳು ಮಡಚಿ, ಮೊಣಕೈ ಚಾಚಿ ನೆಲದ ಮೇಲೆ ಕೂತಿರುತ್ತಾರೆ. ಸಾಲಿನ ಕೊನೆಯಲ್ಲಿ ನಾನೂ ಕೂತಿರುತ್ತೇನೆ.