ಬೆಣ್ಣೆಯ ಕೊಸರು

ಮುಗದ ಹಳ್ಳಿಯ ಗಂಗವ್ವ ವಾರಕ್ಕೊಮ್ಮೆ ಮಾಳಮಡ್ಡಿಯ ನಮ್ಮ ಮನೆಗೆ ಬೆಣ್ಣೆ ತರುವವಳು. ತೂಗಿದ ಮುದ್ದೆಯನ್ನು ಪಾತ್ರೆಗಿಳಿಸಿ, ಆಮೇಲೆ ಬೆರಳ ತುದಿಯಷ್ಟನ್ನು ನನ್ನ ಅಂಗೈಗೆ ಹಚ್ಚಿ, ‘ಇದು ಕೊಸರು ಬಾಯಾರ, ತಿನ್ರಿ’ ಎನ್ನುವುದು ಅವಳ ರೂಢಿ. ಕೊಸರೆಂದರೇನೆಂದು ನಿಮಗೆ ನಾನು ಹೇಳಬೇಕೆ? ತಕ್ಕಡಿಯ ವ್ಯವಹಾರ ಮುಗಿದ ಮೇಲೂ ಮನಸ್ಸು ತಡೆಯದೆ ಕೊಡುವ ಚೂರು ಅದು.

ಹೋದ ಚಳಿಗಾಲದಲ್ಲಿ ಅವಳ ಮಗಳು ನೀಲವ್ವ ಕ್ಷಯದಿಂದ ತೀರಿಕೊಂಡಳು. ರೋಗ ತಿಳಿಯುವಷ್ಟರಲ್ಲೇ ತಡವಾಗಿತ್ತು. ತಿಂಗಳೊಪ್ಪತ್ತು ಕಳೆದು ಮತ್ತೆ ಬುಟ್ಟಿ ಹೊತ್ತು ಬಂದ ಗಂಗವ್ವ, ನಾನು ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುವವಳೆಂದು ಬಲ್ಲವಳು, ಕಟ್ಟೆಯ ಮೇಲೆ ಕುಳಿತು ಕೇಳಿದಳು: ‘ಆ ಹುಳಕ್ಕ ನನ್ನ ಮಗಳ ಮ್ಯಾಲ ಏನ ಸಿಟ್ಟಿತ್ತರಿ?’

ಸಿಟ್ಟಲ್ಲ, ಹಸಿವು. ನಾವು ಬೇನೆ ಎನ್ನುವುದು ಆ ಜೀವಿಗೆ ಬರೀ ಊಟ. ನಮ್ಮ ಜೀವಕೋಶಗಳ ಕೊಬ್ಬನ್ನು ಅರಗಿಸುವ ವಂಶವಾಹಿಗಳು ಕ್ಷಯದ ಜೀವಾಣುವಿನಲ್ಲಿವೆ. ಅವುಗಳಲ್ಲಿ ಕೆಲವನ್ನು ತೆಗೆದುಹಾಕಿದರೆ ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ, ಸಕ್ಕರೆ ಉಂಡು, ಅದು ಸುಖವಾಗಿಯೇ ಬೆಳೆಯುತ್ತದೆ, ಆದರೆ ದೇಹದೊಳಗೆ ಬಹುಕಾಲ ನೆಲೆ ನಿಲ್ಲಲಾರದು. ಕೊಲ್ಲುವ ಬಲವೂ ಅರಗಿಸಿಕೊಳ್ಳುವ ಬಲವೂ ಹೀಗೆ ಒಂದೇ ಒಲೆಯಲ್ಲಿ ಬೇಯುತ್ತವೆಂದು ತರಗತಿಯಲ್ಲಿ ಹುರುಪಿನಿಂದ ಹೇಳುವ ನಾನು, ಅಂದು ತಗ್ಗಿದ ದನಿಯಲ್ಲಿ, ‘ಸಿಟ್ಟಿಲ್ಲ ಬೇ, ಅದು ನಮ್ಮ ಮೈಯಾಗಿನ ಕೊಬ್ಬು ತಿಂದು ಬದುಕತೈತಿ’ ಎಂದೆ.

ಅವಳು ಬುಟ್ಟಿಯೊಳಗಿನ ಬೆಣ್ಣೆಯ ಕಡೆ ನೋಡಿದಳು. ‘ಹಂಗಾರ ನಾ ರೊಟ್ಟಿಗೆ ಹಚ್ಚಿ ಉಣಿಸಿದ ಬೆಣ್ಣಿ ಅದಕ್ಕ ಹೋತೇನ್ರಿ?’

ಹಾಗಲ್ಲವೆಂದೆ, ಈ ಬೇನೆ ಬಂದವರಿಗೇ ಒಳ್ಳೆಯ ಊಟ ಹೆಚ್ಚು ಬೇಕು, ನಿನ್ನ ಬೆಣ್ಣೆ ಅವಳನ್ನು ಇದ್ದಷ್ಟು ದಿನ ಹಿಡಿದು ನಿಲ್ಲಿಸಿತ್ತು ಎಂದೆ. ‘ಹೌದ್ರಿ’ ಎಂದು ತಲೆಯಾಡಿಸಿದಳು. ಆದರೆ ಅಂದು ಕೊಸರು ಕೊಡಲಿಲ್ಲ. ಬೆರಳಿಗಂಟಿದ ಬೆಣ್ಣೆಯನ್ನು ಸೆರಗಿಗೆ ಒರೆಸಿಕೊಂಡು ಹೊರಟುಹೋದಳು. ಮುಂದಿನ ವಾರಗಳಲ್ಲೂ ಅಷ್ಟೇ.

ದುಃಖವೂ ಹಸಿದೇ ಇರುತ್ತದೆ, ಗೆಳೆಯರೇ. ಸಮಾಧಾನಕ್ಕೆಂದು ಆಡಿದ ನಿಜವನ್ನೂ ಅದು ಬಿಡದೆ ತಿನ್ನುತ್ತದೆ. ಇದು ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ, ಮತ್ತು ತಿಳಿದಂದಿನಿಂದ ಪಾಠ ಹೇಳುವಾಗ ಸಂಕಟವಾಗುತ್ತದೆ.

ಈ ವಾರ ಅವಳು ಬುಟ್ಟಿ ಮುಚ್ಚುವ ಮುನ್ನ ನಾನೇ ಅಂಗೈ ಚಾಚಿದೆ. ‘ನನ್ನ ಕೊಸರು ಎಲ್ಲಿ, ಗಂಗವ್ವಾ?’

ಅವಳು ನನ್ನ ಕೈಯನ್ನೇ ನೋಡಿದಳು. ಕೊನೆಗೆ ಚೂರು ಬೆಣ್ಣೆ ಹಚ್ಚಿದಳು. ಬಾಯಿಗಿಟ್ಟುಕೊಂಡೆ, ನುಂಗಲಾಗಲಿಲ್ಲ. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟಳು.

‘ಸಾವಕಾಶ ನುಂಗ್ರಿ’ ಎಂದಳು. ‘ನೀಲವ್ವಗೂ ಹಿಂಗ ಅನತಿದ್ನಿ.’