ಬನ್ನಿನೊಳಗಿನ ಅಂಬೊಡೆಗೆ ನಾನು ಹಾಕಿದ ಮಾರ್ಕು

ಮುತ್ತುಗದ ಎಲೆಯಲ್ಲಿ ಸುತ್ತಿದ ಬಿಸಿ ತಿಂಡಿಯನ್ನು ಅಂಗೈಯಲ್ಲಿ ಹಿಡಿದು, ಹೊರಡಲು ಹವಣಿಸುತ್ತಿರುವ ಬಸ್ಸಿನ ಪಕ್ಕದಲ್ಲಿ ನಿಂತು, ಒಂದು ಕಣ್ಣನ್ನು ಕಂಡಕ್ಟರನ ಮೇಲೂ ಇನ್ನೊಂದನ್ನು ಕೋಟಿನ ಮೇಲೆ ತೊಟ್ಟಿಕ್ಕಲಿರುವ ಚಟ್ನಿಯ ಮೇಲೂ ಇಟ್ಟುಕೊಂಡು ತಿನ್ನುವ ಸುಖವನ್ನು ನೀವು ಕಂಡಿದ್ದೀರೋ ಇಲ್ಲವೋ ನಾನರಿಯೆ. ಕಂಡಿದ್ದರೆ, ಮಿತ್ರರೇ, ನೀವು ನನ್ನವರು. ಕಂಡಿಲ್ಲದಿದ್ದರೂ ಚಿಂತೆಯಿಲ್ಲ, ಕೂತು ಮಾತಾಡೋಣ. ಒಂದು ಉಪಕಾರ ಮಾತ್ರ ಮಾಡಿ. "ಇಂಥ ತಿಂಡಿಗಳಲ್ಲೆಲ್ಲ ನಿಮಗೆ ಬಹಳ ಇಷ್ಟವಾದದ್ದು ಯಾವುದು?" ಎಂದು ನನ್ನನ್ನು ಕೇಳಬೇಡಿ. ಆ ಪ್ರಶ್ನೆ ಕಿವಿಗೆ ಬಿದ್ದೊಡನೆ ನನಗೆ ಮೈಯೆಲ್ಲ ಉರಿಯುತ್ತದೆ.

ಯಾಕೆ ಈ ಜನಕ್ಕೆ ಇಷ್ಟು ಆತುರ? ಕ್ಷೌರಕ್ಕೆ ಕೂತರೆ ಕ್ಷೌರಿಕ ಕೇಳುತ್ತಾನೆ, ಮದುವೆಮನೆಗೆ ಹೋದರೆ ಬೀಗರು ಕೇಳುತ್ತಾರೆ, ಶಾಲೆಯ ಬಿಡುವಿನಲ್ಲಿ ಗಣಿತದ ಮೇಷ್ಟ್ರು ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತ ಕೇಳುತ್ತಾರೆ. ಹಸಿವಿನ ಮುಂದೆ ನಿಂತ ಮನುಷ್ಯನಿಗೆ ಎದುರಿಗಿರುವುದೇ ಅತಿಪ್ರಿಯ. ಹೊಟ್ಟೆ ತುಂಬಿದ ಮೇಲೆ ಯಾವುದೂ ಅಲ್ಲ. ಇವೆರಡರ ನಡುವಿನ ಸಣ್ಣ ಸಂದಿಯಲ್ಲಿ ನಿಂತು ಒಂದು ತಿಂಡಿಗೆ ಪಟ್ಟ ಕಟ್ಟಿ ಮಿಕ್ಕವನ್ನು ಪಕ್ಕಕ್ಕೆ ಸರಿಸುವುದಾದರೂ ಯಾವ ನ್ಯಾಯ? ಮನೆಯಲ್ಲಿ ಹೆಂಡತಿ ಕೇಳಿದರೆ ಮಾತು ಬೇರೆ. ಅಲ್ಲಿ ಉತ್ತರ ಒಂದೇ, ಅದನ್ನು ನೆಮ್ಮದಿಯಾಗಿ ಬಾಳಬೇಕೆನ್ನುವ ಗಂಡಸರೆಲ್ಲ ಬಲ್ಲರು. ಊರಿನವರು ಕೇಳಿದಾಗ ನಾನು ನಕ್ಕು ಮಾತು ತೇಲಿಸಿಬಿಡುತ್ತಿದ್ದೆ. ಒಂದೇ ಒಂದು ಸಲ ಉತ್ತರ ಕೊಟ್ಟೆ. ಅದನ್ನೂ ಬರವಣಿಗೆಯಲ್ಲಿ ಕೊಟ್ಟೆ. ಆ ಕಥೆಯನ್ನೇ ಹೇಳಿಬಿಡುತ್ತೇನೆ. ಆಮೇಲೆ ನೀವಾಗಿ ಕೇಳಲಾರಿರಿ.

ನಾನು ಪಿರಿಯಾಪಟ್ಟಣದ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಮನೆಮಂದಿಯೆಲ್ಲ ಇರುವುದು ಕೃಷ್ಣರಾಜನಗರದಲ್ಲಿ. ಶನಿವಾರ ಬೆಳಗಿನ ಪಾಠ ಮುಗಿಸಿ ಹೊರಟರೆ ಹುಣಸೂರಿನಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ಪೆಟ್ರೋಲೆಲ್ಲ ಯುದ್ಧಕ್ಕೆ ಹೊರಟುಹೋಗಿ, ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತ ಓಡಾಡುವ ಕಾಲ ಇದು. ಒಲೆಗೆ ಇದ್ದಿಲು ತುಂಬಿ, ತಿದಿ ತಿರುಗಿಸಿ, ಗ್ಯಾಸು ಏಳುವವರೆಗೆ ಪ್ರಯಾಣಿಕರು ಹುಣಸೂರಿನ ಬಸ್ ಷೆಡ್ಡಿನಲ್ಲಿ ಅರ್ಧ ಗಂಟೆ ನಿಲ್ಲಲೇಬೇಕು. ಆ ಅರ್ಧ ಗಂಟೆಯೇ ಎರಡು ತಿಂಡಿ ಅಂಗಡಿಗಳನ್ನು ಸಾಕುತ್ತಿತ್ತು.

ಒಂದು ಭಟ್ಟರದು. ತಗಡಿನ ಸೂರು, ಎರಡು ಬೆಂಚು, ಹಿತ್ತಾಳೆ ಲೋಟದಲ್ಲಿ ಕಾಫಿ, ಗಾಜಿನ ಬೀರುವಿನಲ್ಲಿ ಗುಂಡುಗುಂಡಾಗಿ ಕೂತ ಆಲೂಗಡ್ಡೆ ಬೋಂಡ. ಭಟ್ಟರಿಗೆ ಪೇಟೆಬೀದಿಯಲ್ಲಿ ಇದಕ್ಕಿಂತ ದೊಡ್ಡ ಹೋಟೆಲು ಇನ್ನೊಂದಿತ್ತು. ಇನ್ನೊಂದು ಅಂಗಡಿ ಪುಟ್ಟತಾಯಮ್ಮನದು. ಅದಕ್ಕೆ ಸೂರೂ ಇಲ್ಲ, ಬೆಂಚೂ ಇಲ್ಲ. ಷೆಡ್ಡಿನ ಗೋಡೆಯ ನೆರಳಿನಲ್ಲಿ ಮೂರು ಕಲ್ಲು, ಒಂದು ಬಾಣಲೆ, ಅದರ ಹಿಂದೆ ಗಂಡ ಸತ್ತ ಮೇಲೆ ಅತ್ತೆಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಆ ಬಾಣಲೆಯಿಂದಲೇ ಸಾಕುತ್ತಿದ್ದ ಈ ಹೆಂಗಸು. ಅಕ್ಕಿಗೆ ಕಂಟ್ರೋಲು ಬಂದು ಇಡ್ಲಿ ದೋಸೆಗಳೆಲ್ಲ ದುರ್ಲಭವಾದಾಗ ಆಕೆ ಒಂದು ಉಪಾಯ ಹೂಡಿದಳು. ಮೈಸೂರಿನಿಂದ ಬೆಳಗಿನ ಬಸ್ಸಿನಲ್ಲಿ ಕುಕ್ಕೆಯೊಳಗೆ ಬನ್ನು ತರಿಸುವಳು. ಅದನ್ನು ನಡುವೆ ಸೀಳಿ, ಒಳಕ್ಕೆ ಹಸಿಮೆಣಸಿನಕಾಯಿಯ ಚಟ್ನಿ ಬಳಿದು, ಬಾಣಲೆಯಿಂದ ಎತ್ತಿದ ಕಡಲೆಬೇಳೆಯ ಅಂಬೊಡೆಯನ್ನು ಎಣ್ಣೆ ಸೋರುತ್ತಿರುವಾಗಲೇ ಇಟ್ಟು, ಮೇಲಿನಿಂದ ಅಂಗೈಯಿಂದ ಒಮ್ಮೆ ಒತ್ತಿ, ಮುತ್ತುಗದ ಎಲೆಯಲ್ಲಿ ಸುತ್ತಿ ಕೊಡುವಳು. ಬನ್ನಿನ ಸೌಮ್ಯವಾದ ಸಿಹಿ, ಅಂಬೊಡೆಯ ಗರಿಗರಿ, ಶುಂಠಿಯ ಘಾಟು, ಮೆಣಸಿನಕಾಯಿಯ ಪುಂಡಾಟ, ಇವೆಲ್ಲ ಒಂದೇ ತುತ್ತಿನಲ್ಲಿ ಕೂಡಿ ಬಾಯಿಗೆ ಬಂದಾಗ, ಸತ್ಯವಾಗಿ ಹೇಳುತ್ತೇನೆ, ಶಾಲೆಯೂ ಸಂಸಾರವೂ ಮರೆತುಹೋಗುತ್ತಿದ್ದವು.

ನಮ್ಮದು ವಿಭೂತಿಯ ಮನೆ. ಬನ್ನಿಗೆ ಮೊಟ್ಟೆ ಹಾಕುತ್ತಾರೆಂದು ಯಾರೋ ಹಬ್ಬಿಸಿದ್ದನ್ನು ನಂಬಿದ ನಮ್ಮ ತಾಯಿ ಆ ಪದಾರ್ಥದ ಹೆಸರೆತ್ತಿದರೇ ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದರು. ಹಾಗಾಗಿ ಹುಣಸೂರಿನಲ್ಲಿ ತಿಂದದ್ದು ಕೃಷ್ಣರಾಜನಗರಕ್ಕೆ ತಲುಪಬಾರದೆಂದು ನಾನು ಬಾಯಿ ಮುಕ್ಕಳಿಸಿ, ಏಲಕ್ಕಿ ಅಗಿದು ಬಸ್ಸು ಹತ್ತುತ್ತಿದ್ದೆ. ಮನೆಯಲ್ಲಿ ಊಟ ಸೇರದೆ ಕೂತರೆ ತಾಯಿ ದೃಷ್ಟಿ ತೆಗೆಯುತ್ತಿದ್ದರು. ಅಷ್ಟಾದರೂ ಬಿಡಲಿಲ್ಲವೆಂದರೆ ಆ ತಿಂಡಿಯ ಮಹಿಮೆಯನ್ನು ನೀವೇ ಊಹಿಸಿಕೊಳ್ಳಿ. ಒಂದು ವಾರ ಬೋಂಡ, ಒಂದು ವಾರ ಅಂಬೊಡೆ ಎಂದು ಸರದಿ ಇಟ್ಟುಕೊಂಡಿದ್ದೆನಾದರೂ ಬೋಂಡದ ವಾರದಲ್ಲಿ ಕಾಲು ತಾನಾಗಿಯೇ ಗೋಡೆಯ ಕಡೆಗೆ ತಿರುಗುತ್ತಿತ್ತು.

ಹೀಗಿರಲಾಗಿ ಒಂದು ಶನಿವಾರ ಬಸ್ಸಿನ ಮಾಲೀಕರಾದ ಸಾಹುಕಾರರು ನನ್ನನ್ನು ಷೆಡ್ಡಿನೊಳಕ್ಕೆ ಕರೆದು ಕುರ್ಚಿ ಹಾಕಿಸಿದರು. ಸಾಹುಕಾರರು ಕುರ್ಚಿ ಹಾಕಿಸಿದರೆಂದರೆ ಏನೋ ಕೆಲಸ ಬಿತ್ತೆಂದೇ ಅರ್ಥ.

"ನೋಡಿ ಮೇಷ್ಟ್ರೇ, ಬಸ್ಸು ಹೊರಡೋ ಹೊತ್ಗೆ ಅರ್ಧ ಜನ ಭಟ್ಟರ ಕಾಫಿ ಮುಂದೆ, ಅರ್ಧ ಜನ ಆಯಮ್ಮನ ಬಾಣ್ಲಿ ಮುಂದೆ. ಕಂಡಕ್ಟ್ರು ಹಾರನ್ನು ಹೊಡೆದೂ ಹೊಡೆದೂ ಸಾಯ್ತಾನೆ. ನನ್ನ ಜಾಗದಲ್ಲಿ ಇನ್ಮೇಲೆ ಒಂದೇ ತಿಂಡಿ ಅಂಗಡಿ ಅಂತ ತೀರ್ಮಾನ ಮಾಡಿದ್ದೀನಿ. ಯಾವ್ದು ಮೇಲು ಅನ್ನೋದ್ನ ನೀವು ಬರೆದುಕೊಡಿ. ಎರಡು ಕಡೆಯೂ ತಿನ್ನೋರು, ಓದಿದೋರು. ನಿಮ್ಮ ಮಾತಿನ ಮೇಲೆ ಬಿಟ್ಟಿದ್ದೀನಿ" ಎಂದರು.

ಆಗಲೇ ಎದ್ದು ಕೈಮುಗಿದು ಬಂದುಬಿಡಬೇಕಾಗಿತ್ತು. ಆದರೆ 'ಓದಿದೋರು' ಎಂಬ ಮಾತಿಗೆ ಮೇಷ್ಟ್ರುಗಳಾದ ನಾವು ಎಷ್ಟು ಬೇಗ ಉಬ್ಬುತ್ತೇವೆಂದರೆ ಆ ಸಾಹುಕಾರರ ಮುಂದೆ ನಾನು ಬಿಸಿ ಎಣ್ಣೆಗೆ ಬಿದ್ದ ಪೂರಿಯೇ ಆಗಿಬಿಟ್ಟೆ. ಒಂದು ವಾರ ಸಮಯ ಕೊಡಿ, ಶಾಸ್ತ್ರೋಕ್ತವಾಗಿ ಪರೀಕ್ಷಿಸಿ ಬರೆದುಕೊಡುತ್ತೇನೆ ಎಂದೆ. ಬೋಂಡ ಅಂಬೊಡೆಗಳಿಗೆ ಶಾಸ್ತ್ರವಂತೆ! ನನ್ನ ಆ ದನಿಯನ್ನು ನೆನೆದರೆ ಈಗಲೂ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ.

ಮುಂದಿನ ಶನಿವಾರ ಪುಟ್ಟತಾಯಮ್ಮನಿಗೆ ವಿಷಯ ಗೊತ್ತಾಗಿತ್ತು. ಆದರೂ ಆಕೆ ಹೆಚ್ಚು ಚಟ್ನಿ ಹಾಕಲಿಲ್ಲ, ದೊಡ್ಡ ಅಂಬೊಡೆ ಹುಡುಕಲಿಲ್ಲ, ಕಾಸು ಬೇಡವೆನ್ನಲಿಲ್ಲ. ಎಂದಿನಂತೆ ಒತ್ತಿ, ಸುತ್ತಿ, ಕೈಗಿಟ್ಟಳು.

"ಸಾವ್ಕಾರ್ರು ನಿಮ್ನ ಕೇಳವ್ರಂತೆ ಮೇಷ್ಟ್ರೆ. ನಾನೇನೂ ಕೇಳಕಿಲ್ಲ. ಈ ಜಾಗ ಬುಟ್ರೆ ನಂಗೆ ಬೇರೆ ಜಾಗ ಇಲ್ಲ, ಅದು ನಿಮ್ಗೂ ಗೊತ್ತು. ತಿಂದದ್ದು ಎಂಗಿತ್ತೋ ಅಂಗೇ ಬರೀರಿ, ಅಷ್ಟೇಯ" ಎಂದಳು.

ಹೇಗಿತ್ತೋ ಹಾಗೆ! ಇದಕ್ಕಿಂತ ಸುಲಭವಾದ ಅಪ್ಪಣೆಯನ್ನು ಯಾರಾದರೂ ಯಾರಿಗಾದರೂ ಕೊಟ್ಟದ್ದುಂಟೇ? ಆ ಭಾನುವಾರ ಮನೆಯ ಜಗಲಿಯಲ್ಲಿ ಕೂತು ಒಂದೇ ಸಾಲು ಬರೆದಿದ್ದರೆ ಸಾಕಿತ್ತು. ನಾನು ಬರೆದದ್ದು ನಾಲ್ಕು ಪುಟ. ಗೆರೆ ಎಳೆದು ಕೋಷ್ಟಕ ಮಾಡಿದೆ. ಆಕಾರ, ಪರಿಮಳ, ರುಚಿ, ಶುಚಿ, ನಡತೆ ಎಂದು ಐದು ವಿಷಯ, ಒಂದೊಂದಕ್ಕೆ ಹತ್ತು ಮಾರ್ಕು.

ಇಲ್ಲಿ ನಮ್ಮ ಕಸುಬಿನ ಒಂದು ಪದ್ಧತಿಯನ್ನು ನಿಮಗೆ ಹೇಳಬೇಕು. ತರಗತಿಯಲ್ಲಿ ಎಲ್ಲರಿಗಿಂತ ಚುರುಕಾದ ಹುಡುಗನಿಗೆ ಸಲ್ಲಬೇಕಾದ ಮಾರ್ಕನ್ನು ನಾವು ಪೂರ್ತಿ ಕೊಡುವುದಿಲ್ಲ. ಕೊಟ್ಟರೆ ತಲೆ ತಿರುಗೀತು, ಒಂದೆರಡು ತಡೆದರೆ ಇನ್ನಷ್ಟು ಹುರುಪಿನಿಂದ ಓದಿಯಾನು ಎಂಬ ಎಣಿಕೆ. ಹಾಗೆಯೇ ಮಂದನಾದ ಹುಡುಗನಿಗೆ ಪಾಪ, ಕುಗ್ಗದಿರಲಿ ಎಂದು ಒಂದೆರಡು ಕೂಡಿಸುತ್ತೇವೆ. ನನ್ನ ಮೇಷ್ಟ್ರು ನನಗೆ ಹೀಗೆಯೇ ಮಾಡಿದರು, ನಾನು ನನ್ನ ಮಕ್ಕಳಿಗೆ ಹೀಗೆಯೇ ಮಾಡುತ್ತ ಬಂದಿದ್ದೆ. ತರಗತಿಯಲ್ಲಿ ಇದರಿಂದ ಯಾರ ಮನೆಯೂ ಮುಳುಗದು. ಮುಂದಿನ ಪರೀಕ್ಷೆ ಎಂಬುದೊಂದು ಇದ್ದೇ ಇರುತ್ತದೆ.

ಅಂಬೊಡೆಯ ರುಚಿಗೆ ಹತ್ತಕ್ಕೆ ಹತ್ತು ಬರೆಯಲು ಲೇಖನಿ ಎತ್ತಿದೆ. ಇಪ್ಪತ್ತು ವರ್ಷದ ರೂಢಿ ಕೈ ಹಿಡಿಯಿತು. ಎಂಟು ಎಂದು ಬರೆದೆ. ಇಷ್ಟು ಚೆನ್ನಾಗಿ ಮಾಡುವವಳು ಮನಸ್ಸಿಟ್ಟರೆ ಇನ್ನೂ ಚೆನ್ನಾಗಿ ಮಾಡಿಯಾಳು ಎಂದು ಪಕ್ಕದಲ್ಲಿ ಷರಾ ಬೇರೆ. ಕೋಟಿನ ಮೇಲೆ ಚಟ್ನಿ ತೊಟ್ಟಿಕ್ಕಿಸಿದ ಅಪರಾಧಕ್ಕೆ ನಡತೆಯಲ್ಲಿ ಎರಡು ಕಳೆದೆ. ಭಟ್ಟರ ಬೋಂಡ ಎಂದೂ ಏರಿದ್ದೂ ಇಲ್ಲ, ಇಳಿದದ್ದೂ ಇಲ್ಲ. ಯಾರ ಗೊಡವೆಗೂ ಹೋಗದೆ ಹಿಂದಿನ ಬೆಂಚಿನಲ್ಲಿ ಕೂರುವ ಸಾಧು ಹುಡುಗನಂಥದ್ದು. ಅದಕ್ಕೆ ರುಚಿಯಲ್ಲಿ ದಯೆಯಿಂದ ಒಂದು ಕೂಡಿಸಿದೆ. ಗುಂಡಗಿದ್ದುದರಿಂದ ಆಕಾರಕ್ಕೆ ಪೂರ್ತಿ ಕೊಟ್ಟೆ. ಕೂಡಿ ನೋಡಿದರೆ ಬೋಂಡಕ್ಕೆ ಒಂದೇ ಒಂದು ಮಾರ್ಕು ಹೆಚ್ಚು ಬಂದಿತ್ತು. ಒಂದು ಕ್ಷಣ ಅನುಮಾನಿಸಿದೆ. ಆದರೆ ನನ್ನ ಮೆಚ್ಚುಗೆಯೆಲ್ಲ ಎರಡು ಪುಟದ ಷರಾದಲ್ಲಿ ವಿಸ್ತಾರವಾಗಿತ್ತಲ್ಲ, ಓದಿದವರಿಗೆ ತಿಳಿಯದೇ ಹೋದೀತೆ ಎಂದು ಸಮಾಧಾನ ಮಾಡಿಕೊಂಡು ಕಾಗದ ಮಡಿಸಿದೆ. ಸೋಮವಾರ ಬೆಳಿಗ್ಗೆ ಹಿಂದಿರುಗುವಾಗ ಸಾಹುಕಾರರ ಕೈಗಿತ್ತೆ.

ಎರಡು ಪುಟದ ಷರಾ ಓದುವ ಸಾಹುಕಾರರನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ಅವರು ಕೊನೆಯ ಪುಟ ತಿರುವಿ, ಕೆಳಗಿನ ಮೊತ್ತ ನೋಡಿ, ಕಾಗದವನ್ನು ಪೆಟ್ಟಿಗೆಗೆ ಹಾಕಿದರಂತೆ. ಮುಂದಿನ ಶನಿವಾರ ನಾನು ಬಸ್ಸಿಳಿದಾಗ ಗೋಡೆಯ ಬಳಿ ಮೂರು ಕಲ್ಲುಗಳಿದ್ದವು, ಬಾಣಲೆ ಇರಲಿಲ್ಲ.

"ಆಯಮ್ಮನ್ನ ಎಬ್ಸಿಬುಟ್ರು ಕಣ್ರೀ, ಮಂಗ್ಳಾರದಿಂದ್ಲೇ ಇಲ್ಲ. ನೀವೇ ಬರ್ಕೊಟ್ರಂತಲ್ಲ?" ಎಂದ ಕಂಡಕ್ಟರು.

ನಾನು ಷೆಡ್ಡಿನೊಳಕ್ಕೆ ನುಗ್ಗಿದೆ. ಕಾಗದ ಕೊಡಿ, ತಪ್ಪಾಗಿದೆ, ಮಾರ್ಕು ತಿದ್ದಿಕೊಡುತ್ತೇನೆ ಎಂದು ಕೂಗಾಡಿದೆ. ಸಾಹುಕಾರರು ಈ ಸಲ ಕುರ್ಚಿ ಹಾಕಿಸಲಿಲ್ಲ.

"ಪರೀಕ್ಷೆ ಫಲಿತಾಂಶ ಬಂದಮೇಲೆ ಮಾರ್ಕು ತಿದ್ದೋ ಪದ್ಧತಿ ನಿಮ್ಮ ಸ್ಕೂಲಲ್ಲಿ ಉಂಟೇ ಮೇಷ್ಟ್ರೇ? ಭಟ್ಟರಿಗೆ ಮಾತು ಕೊಟ್ಟಾಯ್ತು" ಎಂದರು.

ಯಾರ ಮೇಲೆ ಸಿಟ್ಟಾಗಲಿ ಹೇಳಿ. ಸಾಹುಕಾರರು ನಾನು ಬರೆದದ್ದನ್ನೇ ನಡೆಸಿದರು. ಭಟ್ಟರು ನನ್ನನ್ನು ಒಂದು ಮಾತೂ ಕೇಳಿದವರಲ್ಲ. ಆ ಬೋಂಡದ ಮೇಲೆ ಹಲ್ಲು ಕಡಿಯೋಣವೆಂದರೆ ಅದು ಆಲೂಗಡ್ಡೆ. ಇಷ್ಟವಾದದ್ದನ್ನು ಇಷ್ಟವೆಂದು ಬಾಯಿಬಿಟ್ಟು ಹೇಳುವುದು ನಮಗೇಕೆ ಇಷ್ಟು ಕಷ್ಟ? ಮಗ ಚೆನ್ನಾಗಿ ಓದಿದರೆ ಅವನ ಎದುರಿಗೆ ಹೊಗಳಬಾರದು, ಸೊಸೆ ಚೆನ್ನಾಗಿ ಅಡಿಗೆ ಮಾಡಿದರೆ ಉಪ್ಪು ಒಂದು ಹರಳು ಮುಂದಾಯಿತು ಎನ್ನಬೇಕು. ಮೆಚ್ಚುಗೆಯನ್ನು ಮನಸ್ಸಿನಲ್ಲಿ ಭದ್ರವಾಗಿಟ್ಟುಕೊಂಡು ಹುಳುಕನ್ನು ಮಾತ್ರ ಹೊರಗೆ ಹಂಚುವುದನ್ನು ನಾವು ದೊಡ್ಡತನವೆಂದು ತಿಳಿದಿದ್ದೇವೆ. ನನಗೆ ಈ ದೊಡ್ಡತನ ಹೇಸಿಗೆಯಾಗಿದೆ. ಈಗ ನನ್ನ ತರಗತಿಯಲ್ಲಿ ಚೆನ್ನಾಗಿ ಬರೆದವನಿಗೆ ಪೂರ್ತಿ ಮಾರ್ಕು ಬೀಳುತ್ತದೆ. ಹೆಡ್ಮಾಸ್ತರು ಗೊಣಗುತ್ತಾರೆ, ಗೊಣಗಲಿ. ಅದರಿಂದ ಹುಣಸೂರಿನಲ್ಲಿ ಆದದ್ದೇನೂ ಸರಿಹೋಗಲಿಲ್ಲ.

ಆ ಶನಿವಾರ ಕೃಷ್ಣರಾಜನಗರದ ಬಸ್ಸನ್ನು ಬಿಟ್ಟು, ಕೇಳಿಕೊಂಡು ಕೇಳಿಕೊಂಡು ಲಕ್ಷ್ಮಣತೀರ್ಥ ನದಿಯ ಸೇತುವೆಯ ತನಕ ನಡೆದೆ. ರಸ್ತೆಯ ಅಂಚಿನಲ್ಲಿ ಪುಟ್ಟತಾಯಮ್ಮ ಹೊಸ ಮೂರು ಕಲ್ಲು ಹೂಡಿ ಕೂತಿದ್ದಳು. ಬಸ್ಸುಗಳು ಅಲ್ಲಿ ನಿಲ್ಲುವುದಿಲ್ಲ. ಗಾಡಿಯವರು ಎತ್ತಿಗೆ ನೀರು ಕುಡಿಸಲು ಇಳಿದಾಗ ಒಬ್ಬಿಬ್ಬರು ಕೊಳ್ಳುತ್ತಿದ್ದರಂತೆ. ಅವರಿಗೆ ಬನ್ನು ಬೇಡ, ಅದಕ್ಕೇ ಕುಕ್ಕೆ ಇರಲಿಲ್ಲ. ಬಾಣಲೆಯ ಪಕ್ಕದಲ್ಲಿ ಮಾರಾಟವಾಗದ ಅಂಬೊಡೆಗಳು ಆರಿ ತಣ್ಣಗಾಗಿದ್ದವು. ನನ್ನನ್ನು ಕಂಡು ಆಕೆ ಮುಖ ತಿರುಗಿಸಲಿಲ್ಲ.

"ಅಂಗ್ಯಾಕೆ ನಿಂತಿದೀರಿ, ಕುಂತ್ಕಳಿ ಮೇಷ್ಟ್ರೆ. ಬಿಸೀದು ಬುಟ್ಟುಕೊಡ್ತೀನಿ" ಎಂದು ಹೊಸದಾಗಿ ತಟ್ಟಿ ಎಣ್ಣೆಗೆ ಬಿಟ್ಟಳು.

ಎಲೆಯ ಮೇಲೆ ಬಂದದ್ದನ್ನು ಮುರಿದು ಬಾಯಿಗಿಟ್ಟೆ. ಅದೇ ಗರಿಗರಿ, ಅದೇ ಶುಂಠಿ, ಒಂದು ಹರಳು ಉಪ್ಪೂ ಹೆಚ್ಚುಕಡಿಮೆಯಿಲ್ಲ. ಇಷ್ಟು ದಿನ ಯಾರಿಗೂ ಹೇಳದ ಮಾತು ತಾನಾಗಿ ಬಂತು.

"ಪುಟ್ಟತಾಯಮ್ಮ, ಈ ಸೀಮೆಯಲ್ಲಿ ನಾನು ತಿಂದ ತಿಂಡಿಗಳಲ್ಲೆಲ್ಲ ನನಗೆ ಬಹಳ ಇಷ್ಟವಾದದ್ದು ನಿಮ್ಮದೇ. ಇದಕ್ಕೆ ಸಮ ಇನ್ನೊಂದಿಲ್ಲ" ಎಂದೆ.

ಆಕೆ ಜಾಲರಿಯಿಂದ ಅಂಬೊಡೆಯನ್ನು ಮಗುಚಿ ಹಾಕುತ್ತ, ತಲೆಯೆತ್ತದೆ ಹೇಳಿದಳು:

"ಅದು ನಂಗೆ ಗೊತ್ತಿಲ್ವಾ ಮೇಷ್ಟ್ರೆ? ಸಾವ್ಕಾರ್ರಿಗೆ ಗೊತ್ತಿರ್ನಿಲ್ಲ. ಅವ್ರಿಗೆ ಏಳ್ಬೇಕಾಗಿತ್ತು."