ರಾಣಿಗೆ ಬೇಕಾದ ಪೆನ್ಸಿಲ್

ನನ್ನ ಬಣ್ಣದ ಪೆನ್ಸಿಲ್ ಡಬ್ಬಿಯನ್ನು ನೀವು ಮೊದಲೇ ನೋಡಬೇಕಿತ್ತು, ಮಿತ್ರರೇ. ಹನ್ನೆರಡರಲ್ಲಿ ಒಂದು ಮಾತ್ರ ಕಿರುಬೆರಳ ತುದಿಯಷ್ಟಾಗಿ ಮೂಲೆ ಹಿಡಿದಿರುತ್ತಿತ್ತು. ಅದು ತಿಳಿಗುಲಾಬಿ. ಶಾಲೆಯಲ್ಲಿ ಅದಕ್ಕೆ ನಾವಿಟ್ಟ ಹೆಸರು ‘ಸ್ಕಿನ್ ಕಲರ್’. ಅಂಥ ಚರ್ಮ ಇಡೀ ತರಗತಿಯಲ್ಲಿ ಒಬ್ಬರಿಗೂ ಇರಲಿಲ್ಲ ಎಂಬುದು ಬೇರೆ ಮಾತು. ಕಂದು ಪೆನ್ಸಿಲ್ಲಾದರೋ ಅಂಗಡಿಯಿಂದ ಬಂದಷ್ಟೇ ಉದ್ದ. ಮರದ ಬೊಡ್ಡೆಗೆ, ರಾಕ್ಷಸರಿಗೆ ಬಿಟ್ಟರೆ ಅದಕ್ಕೆ ಕೆಲಸವೇ ಇರಲಿಲ್ಲ. ಇಷ್ಟಾಗಿ ನನ್ನದೇ ಮುಖ ಬರೆಯಲು ಆ ಉದ್ದನೆಯದೇ ಬೇಕು, ಅದೂ ಒತ್ತಿ ತಿಕ್ಕಬೇಕು.

ಈ ಗುಲಾಬಿ ಹಚ್ಚುವ ಅಭ್ಯಾಸ ಅಂಟಿದ್ದು ಚಿಕ್ಕಂದಿನಲ್ಲಿ ನಮ್ಮೂರ ಎಂ.ಸಿ.ಸಿ. ಬಡಾವಣೆಯ ಅಂಗಡಿಯೊಂದರಿಂದ ಬಾಡಿಗೆಗೆ ತಂದು ಓದಿದ ಕಾಮಿಕ್ಸುಗಳಿಂದ. ಅಲ್ಲಿನ ಪುರಾತನ ಲೋಕ ಎಷ್ಟು ಚೊಕ್ಕಟವೆಂದರೆ, ನೊಣವಿಲ್ಲ, ಬೆವರಿಲ್ಲ, ವರ್ಷಗಟ್ಟಲೆ ಕಾಡು ಅಲೆದ ರಾಜಕುಮಾರನ ಪಂಚೆಗೆ ಒಂದು ಸುಕ್ಕಿಲ್ಲ. ಅರಸರು ಕಿರೀಟ ಹಾಕಿಕೊಂಡೇ ಮಲಗುತ್ತಾರೆ, ಮಗ್ಗುಲು ಹೇಗೆ ಹೊರಳುತ್ತಾರೋ ಅವರಿಗೇ ಗೊತ್ತು. ದೇವರು ನೀಲಿ, ಒಳ್ಳೆಯವರು ಗುಲಾಬಿ, ಕೆಟ್ಟವರು ಕಂದು. ಕತೆ ಓದುವ ಮೊದಲೇ ಯಾರು ಸಾಯುತ್ತಾರೆಂದು ತಿಳಿಯುತ್ತಿತ್ತು. ಆದರೂ ಆ ಪುಟಗಳ ಮೇಲೆ ನನಗೆ ಮುನಿಸಿಲ್ಲ. ನನ್ನ ಮಿಮಿಕ್ರಿ ಹುಟ್ಟಿದ್ದೇ ಅಲ್ಲಿನ ಮಾತಿನ ಗುಳ್ಳೆಗಳಲ್ಲಿ. ರಾಜನಿಗೆ ನಮ್ಮ ಹೆಡ್‌ಮಾಸ್ಟರ ಗಂಟಲು, ಋಷಿಗೆ ಹೊಸ ಹಲ್ಲು ಕಟ್ಟಿಸಿಕೊಂಡ ದೊಡ್ಡಪ್ಪನದು, ಅಸುರನಿಗೆ ನನ್ನದೇ. ಶತಮಾನಗಳ ಹಿಂದಿನವರನ್ನು ತೂಕಡಿಕೆಯಿಂದ ಎಬ್ಬಿಸಿ ಮಕ್ಕಳ ಮಡಿಲಲ್ಲಿ ಕೂರಿಸುವ ವಿದ್ಯೆ ಕಾಮಿಕ್ಸಿನಷ್ಟು ಸಲೀಸಾಗಿ ಇನ್ಯಾರಿಗೆ ಒಲಿದಿದೆ?

ಈಚೆಗೆ ಅಕ್ಕನ ಮಗಳು ಭೂಮಿಗೆ ನಾನೇ ಒಂದು ಕಾಮಿಕ್ಸ್ ಬರೆದುಕೊಟ್ಟೆ. ಅವಳಿಗೆ ಎಂಟು ವರ್ಷ. ಕತೆ ಪಕ್ಕದ ಹರಿಹರದ ಸ್ಥಳಪುರಾಣದ್ದು: ಹರಿಯಿಂದಲೂ ಹರನಿಂದಲೂ ಸಾವಿಲ್ಲವೆಂದು ವರ ಪಡೆದು ಮೆರೆದ ಅಸುರ, ಅವನನ್ನು ಮುಗಿಸಲು ಇಬ್ಬರೂ ಸೇರಿ ಒಂದೇ ಮೈಯಾದದ್ದು. “ಒಂಚೂರು ಸರೀರಿ, ನನಗೂ ಜಾಗ ಬೇಕಲ್ರಿ” ಎಂದು ಹರಿ ಹರನಿಗೆ ಹೇಳುವ ಪುಟದಲ್ಲಿ ಭೂಮಿ ಬಿದ್ದು ಬಿದ್ದು ನಕ್ಕಳು. ಅಸುರನಿಗೆ ಹೆದರದೆ ಅರಮನೆಯ ಬಾಗಿಲಲ್ಲಿ ನಿಲ್ಲುವ ರಾಣಿಯೊಬ್ಬಳನ್ನು ನನ್ನ ಕಡೆಯಿಂದ ಸೇರಿಸಿದ್ದೆ. ಪುಸ್ತಕ ಶಾಲೆಗೆ ಹೋಯಿತು, ಟೀಚರಿಗೆ ಹಿಡಿಸಿತು, ವಾರ್ಷಿಕೋತ್ಸವಕ್ಕೆ ಇದನ್ನೇ ನಾಟಕ ಆಡಿಸುವುದು, ಸೋಮವಾರ ಮಕ್ಕಳು ತಮಗೆ ಬೇಕಾದ ಪಾತ್ರಕ್ಕೆ ಹೆಸರು ಕೊಡುವುದು ಎಂದಾಯಿತು. ಭೂಮಿ ಟವೆಲ್ಲನ್ನೇ ಸೆರಗು ಮಾಡಿಕೊಂಡು ವಾರವಿಡೀ ರಾಣಿಯ ಮಾತುಗಳನ್ನು ನಮ್ಮ ಮೇಲೆ ಪ್ರಯೋಗಿಸಿದಳು. ಶನಿವಾರ ಟವೆಲ್ಲು ಮೊಳೆಗೆ ಮರಳಿತು.

“ನಾ ರಾಣಿಗೆ ಹೆಸರು ಕೊಡಲ್ಲ ಮಾಮ. ಅಸುರನ ಕಡೆ ಇರ್ತೀನಿ.”

“ಯಾಕವ್ವಾ? ಮಾತೆಲ್ಲ ಬಾಯಿಪಾಠ ಐತಲ್ಲ?”

“ರಾಣಿ ಬಣ್ಣ ಬ್ಯಾರೆ ಐತಲ್ಲ. ನೀನೇ ಹಚ್ಚೀಯ.”

ಅಳುವಿಲ್ಲ, ದೂರಿಲ್ಲ, ಅಂಗಿ ಅಳತೆಗೆ ಬರಲಿಲ್ಲ ಎನ್ನುವ ಧಾಟಿ. ನನ್ನ ಗಂಟಲಲ್ಲಿ ಬಿಡಾರ ಹೂಡಿದ್ದ ಹೆಡ್‌ಮಾಸ್ಟರು, ದೊಡ್ಡಪ್ಪ ಎಲ್ಲರೂ ಒಟ್ಟಿಗೇ ಎದ್ದು ಹೋದರು. ಅಕ್ಕ ಅಡುಗೆಮನೆಯಿಂದಲೇ ತಿವಿದಳು: “ಊರ ಮಂದೀನೆಲ್ಲ ಅಣಕಿಸ್ತೀಯಲ್ಲ, ಈಗ ಮಾತಾಡು ನೋಡಾಣ.”

ಭಾನುವಾರ ಭೂಮಿಯನ್ನು ಕರೆದುಕೊಂಡು ಹರಿಹರದ ಬಸ್ಸು ಹತ್ತಿದೆ. ಉಪದೇಶ ಮಾಡಲು ನನಗೆ ಬರುವುದಿಲ್ಲ. ಮಾಡಿದರೆ ಅದೂ ಯಾರದೋ ಧ್ವನಿಯಲ್ಲಿ ಬಂದುಬಿಡುತ್ತದೆ. ಅಲ್ಲಿ ಹರಿಹರನ ಗುಡಿಯ ಕಂಬಗಳ ನಡುವೆ ಅವಳನ್ನು ಬಿಟ್ಟು ಸುಮ್ಮನೆ ಕೂತೆ. ಅವಳು ಕೆತ್ತನೆಗಳನ್ನು ಒಂದೊಂದಾಗಿ ನೋಡುತ್ತಾ ಒಂದು ಸುತ್ತು ಬಂದಳು.

“ಇದ್ರಾಗೆ ಒಳ್ಳೇರು ಯಾರು ಮಾಮ? ಎಲ್ಲಾರೂ ಒಂದೇ ಬಣ್ಣ ಅದಾರೆ!” ಎಂದವಳೇ ತನ್ನ ತೋಳನ್ನು ಕಂಬಕ್ಕೆ ಹಚ್ಚಿ ನೋಡಿದಳು. ಆಮೇಲೆ ನನ್ನ ತೋಳನ್ನೂ ಎಳೆದು ಹಚ್ಚಿದಳು. “ಅಯ್ಯ, ನಿನಗಿಂತ ಕಂಬಾನೇ ಬೆಳ್ಳಗೈತೆ!”

ಊರನ್ನೆಲ್ಲ ನಗಿಸುವವನಿಗೆ ಇಷ್ಟಾದರೂ ಶಾಸ್ತಿ ಬೇಡವೇ? ಅಂದು ಆ ಕಲ್ಲಿಗೂ ಬಣ್ಣ ಬಳಿದಿದ್ದರೋ ಏನೋ, ಬಲ್ಲವರು ಹೇಳಬೇಕು. ಈಗಂತೂ ಶಿಲ್ಪಿಯ ಡಬ್ಬಿಯಲ್ಲಿ ಒಂದೇ ಪೆನ್ಸಿಲ್ ಇದ್ದಂತೆ ಕಾಣುತ್ತದೆ. ದರ್ಪವನ್ನೂ ಕರುಣೆಯನ್ನೂ ಅವನು ನಿಲುವಿನಲ್ಲಿ, ಹುಬ್ಬಿನ ಬಾಗಿನಲ್ಲಿ ತರಬೇಕಾಯಿತು. ನಾವು ಯಾರೂ ಕಾಣದ ಆ ಕಾಲವನ್ನು ಪ್ರತಿ ತಲೆಮಾರೂ ತನ್ನ ಕೈಗೆ ಸಿಕ್ಕ ಬಣ್ಣದಿಂದ ತುಂಬುತ್ತದೆ. ಹಾಗಿದ್ದ ಮೇಲೆ, ನನಗೆ ಸಿಕ್ಕಿದ್ದೇ ಭೂಮಿಗೂ ಸಿಗಬೇಕೆಂದು ಯಾವ ಶಾಸನದಲ್ಲಿದೆ?

ಸಂಜೆ ಅವಳು ಪುಸ್ತಕ ಹರಡಿ ಕೂತಳು. ಗುಲಾಬಿಯ ಮೇಲೆ ಕಂದು ಚೆನ್ನಾಗಿಯೇ ಕೂರುತ್ತದೆ, ಮಿತ್ರರೇ. ರಾಜ, ರಾಣಿ, ಪ್ರಜೆಗಳು ಎಲ್ಲರೂ ನಮ್ಮ ಓಣಿಯವರಾದರು. ಅಸುರ ಇದ್ದ ಹಾಗೇ ಇದ್ದ.

“ಹಂಗಾದ್ರೆ ಕೆಟ್ಟೋನ್ಯಾರು ಅಂತ ಹೆಂಗೆ ಗೊತ್ತಾಗ್ತೈತೆ?” ಎಂದೆ.

“ಅವ ಏನ್ ಮಾಡ್ತಾನಂತ ಓದ್ಬೇಕು ಮಾಮ,” ಎಂದಳು, ತಲೆಯೆತ್ತದೆ.

ಸೋಮವಾರ ಅವಳು ರಾಣಿಗೆ ಹೆಸರು ಕೊಟ್ಟು ಬಂದಳು. ಇನ್ನಿಬ್ಬರೂ ಕೊಟ್ಟಿದ್ದಾರೆ, ಟೀಚರ್ ಯಾರನ್ನು ಆರಿಸುತ್ತಾರೋ ಕಾಣೆ. ಟವೆಲ್ಲಂತೂ ಹೆಗಲಿಗೆ ಮರಳಿದೆ, “ಎಲವೋ ಅಸುರ, ನೀರು ತಾ” ಎಂಬ ಅಪ್ಪಣೆಗಳು ನನಗೆ ಹೊರಡುತ್ತಿವೆ. ಈಗ ಡಬ್ಬಿ ತೆರೆದರೆ ಗುಲಾಬಿಯ ಪಕ್ಕದಲ್ಲಿ ಇನ್ನೊಂದು ಮೋಟು ಮಲಗಿದೆ. ಕೈಗೆ ಸಿಗದಷ್ಟು ಸವೆದ ಆ ಕಂದು ಪೆನ್ಸಿಲ್ಲಿಗೆ ಹಳೇ ಪೆನ್ನಿನ ಕ್ಯಾಪ್ ಸಿಕ್ಕಿಸಿ ಉದ್ದ ಮಾಡಿಕೊಂಡಿದ್ದಾಳೆ. ಕೊನೆಯ ಪುಟದಲ್ಲಿ ರಾಣಿಯ ಬಲಗೈ ಇನ್ನೂ ಬಾಕಿಯಿದೆಯಂತೆ.